ಮೀನು ಕೊರೊನಾ ತರುವುದಿಲ್ಲ, ಹಾಗಂತ ಎಲ್ಲ ಮೀನೂ ಒಳ್ಳೆಯದಲ್ಲ

2020ರ ಜೂನ್‌ನಲ್ಲಿ ಬಂಗಾರಪೇಟೆಯ ನಮ್ಮ ಮದ್ರಸದ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಮೆಸೇಜ್ ಬಂತು. ಚೆನ್ನೈ ಮೀನಿನಲ್ಲಿ ಕೊರೊನಾ ಇದೆ, ಯಾರೂ ತಿನ್ನಬೇಡಿ, ಹತ್ತು ಜನರಿಗೆ ಕಳಿಸಿ ಅಂತ. ಮಗ್ರಿಬ್ ಹೊತ್ತಿಗೆ ಅದೇ ಮೆಸೇಜ್ ನಾಲ್ಕು ಕಡೆಯಿಂದ ನಮಗೇ ತಿರುಗಿ ಬಂತು. ಎರಡು ದಿನ ಬಿಟ್ಟು ಕೆಜಿಎಫ್‌ಗೆ ಹೋದಾಗ, ರಾಬರ್ಟ್‌ಸನ್‌ಪೇಟೆಯಲ್ಲಿ ನಾವು ಯಾವಾಗಲೂ ಮೀನು ತೆಗೆದುಕೊಳ್ಳುವ ಅಮ್ಮನ ಬುಟ್ಟಿ ಮಧ್ಯಾಹ್ನವಾದರೂ ತುಂಬಿಯೇ ಇತ್ತು. ‘ಏನ್ ಬಾಯ್, ನೀವೂ ಹೆದರ್ಕೊಂಡ್ರಾ?’ ಅಂತ ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ.

ಹೆದರಿಕೆ ಎಲ್ಲಿಂದ ಬಂತು ಅಂತ ಗೊತ್ತು. ಮೇ ಎರಡನೇ ವಾರದವರೆಗೆ ನಮ್ಮ ಕೋಲಾರ ಜಿಲ್ಲೆಯಲ್ಲಿ ಒಂದೂ ಪ್ರಕರಣ ಇರಲಿಲ್ಲ. ಆಮೇಲೆ ಮುಳಬಾಗಿಲಿನಲ್ಲಿ ಶುರುವಾಯಿತು. ಚೆನ್ನೈನ ಕೊಯಂಬೇಡು ಮಾರುಕಟ್ಟೆಯ ಸುದ್ದಿ ಎಲ್ಲರ ಕಿವಿಯಲ್ಲಿತ್ತು. 2020ರ ಜೂನ್ 19ರಿಂದ ಚೆನ್ನೈನಲ್ಲಿ ಮತ್ತೆ ಲಾಕ್‌ಡೌನ್ ಆಗಿತ್ತು. ಇತ್ತ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆ ವರ್ಷ ಜೂನ್ 15ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿತ್ತು, ಮಂಗಳೂರು ಮಲ್ಪೆಯ ಬೋಟುಗಳು ದಡದಲ್ಲಿದ್ದವು. ಪೂರ್ವ ಕರಾವಳಿಯ ನಿಷೇಧ ಮೇ 31ಕ್ಕೇ ಮುಗಿದಿತ್ತು. ಹಾಗಾಗಿ ಇಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಆ ಕಡೆಯ ಮೀನೇ. ನಮ್ಮ ಬಂಗುಡೆ ಇಲ್ಲಿ ಕಾನಾಂಗೆಳುತ್ತಿ ಆಗಿ ಸಿಗುತ್ತದೆ, ಹೆಸರು ಬಾಯಿಗೆ ಕೂರಲು ನಮಗೆ ವರ್ಷವೇ ಹಿಡಿಯಿತು.

ಆದರೆ ಮೀನು ತಿಂದು ಈ ರೋಗ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ವುಹಾನಿನ ಮಾರುಕಟ್ಟೆಗೆ ಮೀನು ಮಾರುಕಟ್ಟೆ ಅಂತ ಹೆಸರಿದ್ದರೂ ಅಲ್ಲಿ ಕಾಡುಪ್ರಾಣಿಗಳೂ ಮಾರಾಟಕ್ಕಿದ್ದವು. 2020ರ ಜೂನ್‌ನಲ್ಲಿ ಬೀಜಿಂಗಿನಲ್ಲಿ ಸಾಲ್ಮನ್ ಕತ್ತರಿಸುವ ಹಲಗೆಯ ಮೇಲೆ ವೈರಸ್ ಸಿಕ್ಕಿತು ಅಂತ ಅಂಗಡಿಗಳಿಂದ ಆ ಮೀನನ್ನೇ ತೆಗೆದರು. ಆಮೇಲೆ ಅಲ್ಲಿಯ ತಜ್ಞರೇ ಮೀನಿಗೆ ಸೋಂಕಾದ ಕುರುಹಿಲ್ಲ ಅಂದರು. 70 ಡಿಗ್ರಿಗೆ ಮೇಲೆ ಬೆಂದರೆ ವೈರಸ್ ಉಳಿಯುವುದಿಲ್ಲ, ನಮ್ಮ ಮೀನು ಸಾರು ಅದಕ್ಕಿಂತ ಹೆಚ್ಚೇ ಕುದಿಯುತ್ತದೆ. ಕೆಲವು ಮನೆಗಳಲ್ಲಿ ಮೀನನ್ನು ಸೋಪಿನ ನೀರಲ್ಲಿ ತೊಳೆಯುತ್ತಿದ್ದರಂತೆ. ದಯವಿಟ್ಟು ಬೇಡ, ಆ ಸೋಪು ಹೊಟ್ಟೆಗೇ ಹೋಗುತ್ತದೆ. ತೊಳೆಯಬೇಕಾದ್ದು ನಮ್ಮ ಕೈ. ಅಪಾಯ ಇರುವುದು ಮಾಸ್ಕ್ ಗದ್ದಕ್ಕೆ ಇಳಿಸಿ, ಬುಟ್ಟಿಯ ಮೇಲೆ ಬಗ್ಗಿ, ಒಬ್ಬರ ಹೆಗಲಿಗೆ ಒಬ್ಬರು ತಾಗಿ ಚೌಕಾಸಿ ಮಾಡುವುದರಲ್ಲಿ.

2020ರ ಏಪ್ರಿಲ್‌ನಲ್ಲಿ ದೆಹಲಿಯ ತಬ್ಲೀಗ್ ಸುದ್ದಿಯ ನಂತರ ನಮ್ಮವರ ತರಕಾರಿ ಗಾಡಿಗಳನ್ನು ಎಷ್ಟೋ ಬೀದಿಗಳಿಂದ ವಾಪಸ್ ಕಳಿಸಿದರು. ಆಗಲೂ ಜನರ ಕೈಯಲ್ಲಿ ಇದ್ದದ್ದು ಇಂಥದೇ ಮೆಸೇಜು. ಆ ಉರಿ ಅನುಭವಿಸಿದ ನಾವೇ ಆಮೇಲೆ ಒಬ್ಬ ಬಡ ಹೆಂಗಸಿನ ಬುಟ್ಟಿಯ ಬಗ್ಗೆ ವಿಚಾರಿಸದೆ ಫಾರ್ವರ್ಡ್ ಒತ್ತಿದೆವು. ಕೇಳಿದ್ದನ್ನೆಲ್ಲ ಹೇಳಿಕೊಂಡು ತಿರುಗುವುದೇ ಸುಳ್ಳಿಗೆ ಸಾಕು ಅಂತ ಮಕ್ಕಳಿಗೆ ಪಾಠ ಹೇಳುವವರು ನಾವು!

ಇಷ್ಟೆಲ್ಲ ಗಲಾಟೆಯಲ್ಲಿ ಕೇಳಬೇಕಾದ್ದನ್ನು ಯಾರೂ ಕೇಳಲಿಲ್ಲ. ಸಮುದ್ರದಿಂದ ಇಷ್ಟು ದೂರ ಬರುವ ಮೀನಿಗೆ ಐಸ್ ಎಷ್ಟು ಹಾಕಿದ್ದಾರೆ? ಕಿಲೋ ಮೀನಿಗೆ ಕಿಲೋ ಐಸ್ ಬೇಕು. ಬಂಗುಡೆ, ಬೂತಾಯಿ ಬಿಸಿಲಿನಲ್ಲಿ ಕೂತರೆ ಹಿಸ್ಟಮಿನ್ ಎಂಬ ವಿಷ ಹುಟ್ಟುತ್ತದೆ. ಅದು ಬೇಯಿಸಿದರೂ ಹೋಗುವುದಿಲ್ಲ, ಮುಖ ಕೆಂಪಾಗಿ ತುರಿಕೆ ಏಳುತ್ತದೆ. ಇನ್ನು ಶವಾಗಾರದಲ್ಲಿ ಬಳಸುವ ಫಾರ್ಮಾಲಿನ್. 2018ರಲ್ಲಿ ಕೇರಳದವರು ಗಡಿಯ ಚೆಕ್‌ಪೋಸ್ಟಿನಲ್ಲೇ ಅಂಥ ಮೀನನ್ನು ಟನ್‌ಗಟ್ಟಲೆ ಹಿಡಿದರು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕೆಲವೇ ನಿಮಿಷದಲ್ಲಿ ಇದನ್ನು ಪತ್ತೆ ಮಾಡುವ ಕಾಗದದ ಪಟ್ಟಿ ಮಾಡಿದೆ. ನಮ್ಮ ಮಾರುಕಟ್ಟೆಗಳಲ್ಲಿ ವಾರಕ್ಕೊಮ್ಮೆಯಾದರೂ ಆ ಪರೀಕ್ಷೆ ನಡೆಯಲಿ ಅಂತ ಜಮಾಅತ್‌ನವರೆಲ್ಲ ಸೇರಿ ಒಂದು ಅರ್ಜಿ ಕೊಡಬಾರದೇ?

ಪ್ರವಾದಿ(ಸ)ರವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಾಗಿದ ಘಟನೆ ನಮಗೆಲ್ಲ ಗೊತ್ತು. ಒದ್ದೆಯಾದದ್ದನ್ನು ಜನ ನೋಡುವ ಹಾಗೆ ಮೇಲೆ ಯಾಕೆ ಇಡಲಿಲ್ಲ ಅಂತ ಕೇಳಿದರೇ ಹೊರತು, ಪೇಟೆಗೇ ಹೋಗಬೇಡಿ ಅನ್ನಲಿಲ್ಲ.

ಆ ದಿನ ಒಂದು ಕಿಲೋ ಬಂಗುಡೆ ತೆಗೆದುಕೊಂಡೆವು. ಕಿವಿರು ಎತ್ತಿ, ಬೆರಳಿಂದ ಒತ್ತಿ ನೋಡುವಾಗ ಎರಡು ಮೆತ್ತಗಿದ್ದವು. ಹೇಳಿದೆವು. ಅಮ್ಮ ಜಗಳ ಮಾಡದೆ ಅವನ್ನು ಪಕ್ಕಕ್ಕೆ ಹಾಕಿ ಬೇರೆ ಎರಡು ಕೊಟ್ಟರು. ‘ಎರಡು ದಿನದಿಂದ ಐಸ್ ಗಾಡಿ ಬಂದಿಲ್ಲ ಬಾಯ್, ಅದನ್ನ ಯಾರಿಗಾದ್ರೂ ಹೇಳಿ’ ಅಂದರು.