ಮುಧೋಳವೂ ಲ್ಯಾಬ್ರಡಾರೂ

ದೀಪಾವಳಿಗೆ ಊರಿಗೆ ಹೊರಟವರ ನಾಯಿಗಳು ದೆಹಲಿಯ ಮಯೂರ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ಬೀಡುಬಿಡುವುದು ವಾಡಿಕೆ. ಈ ಸಲದ ಅತಿಥಿಗಳು ಒಂದು ಲ್ಯಾಬ್ರಡಾರ್, ಒಂದು ಮುಧೋಳ. ಮೊದಲನೆಯದಕ್ಕೆ ಅಡುಗೆಮನೆಯೇ ಗರ್ಭಗುಡಿ. ಬೈದು ಫಲವಿಲ್ಲ, ಹೊಟ್ಟೆ ತುಂಬಿದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದರಲ್ಲಿ ಪಾತ್ರವಿರುವ ಪಿಒಎಂಸಿ ವಂಶವಾಹಿಯಲ್ಲಿ ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಿಗೆ ಒಂದು ತುಣುಕೇ ಇಲ್ಲವೆಂದು ಕೇಂಬ್ರಿಜ್ ವಿಜ್ಞಾನಿಗಳು 2016ರಲ್ಲೇ ಹೇಳಿದ್ದಾರೆ. ಮುಧೋಳಕ್ಕೆ ಅನ್ನದ ಹಂಗಿಲ್ಲ, ಅಪರಿಚಿತರು ಮೈ ಸವರಿದರೆ ಸೇರದು. ಅದು ಮೂಸಿ ಅಲ್ಲ, ನೋಡಿ ಬೇಟೆಯಾಡುವ ತಳಿ. ಬಾಲ್ಕನಿಯ ಪಾರಿವಾಳದ ಮೇಲಿಟ್ಟ ಕಣ್ಣು ಕದಲುವುದಿಲ್ಲ. ಇವೆರಡನ್ನು ಗೆಳೆಯರನ್ನಾಗಿಸಬೇಕೆಂಬ ಹಟ ನಮ್ಮ ಚಪಲವಷ್ಟೆ. ಬೇರೆ ಬಟ್ಟಲು, ಬೇರೆ ಕೋಣೆ, ವಾಕಿಂಗ್ ಮಾತ್ರ ಜೊತೆಯಾಗಿ, ಅಷ್ಟು ಸಾಕು. ನಮ್ಮ ರಾಜಧಾನಿ ವಲಯದ್ದೇ (ಎನ್‌ಸಿಆರ್) ಆದ ಮೇರಠ್‌ನ ಸೇನಾ ಕೇಂದ್ರದಲ್ಲಿ ಮುಧೋಳ ನಾಯಿಗಳಿಗೆ ತರಬೇತಿ ಕೊಟ್ಟಿದ್ದಾರೆಂದು ಈ ತಳಿಯ ತವರಾದ ಬಾಗಲಕೋಟೆ ಕಡೆಯವರು ಹೆಮ್ಮೆಪಡುತ್ತಾರೆ, ಸರಿಯೇ. ಆದರೆ ಮೊದಲ ಪಟಾಕಿ ಸಿಡಿದದ್ದೇ ನಮ್ಮ ಸೈನಿಕ ಮಂಚದಡಿ ಸೇರಿತು. ಬಂದೂಕಿನ ಸದ್ದಿಗೆ ಅಂಜದಂತೆ ಬೆಳೆದುಬಂದ ಬೇಟೆಗಾರರ ವಂಶದ ಲ್ಯಾಬ್ರಡಾರ್ ಮಾತ್ರ, ಸಿಕ್ಕಿದ್ದೇ ಅವಕಾಶವೆಂದು, ಮುಧೋಳದ ಬಟ್ಟಲನ್ನೂ ನೆಕ್ಕಿ ಮುಗಿಸಿತು.