ಮೂಲೆಯಿದ್ದೂ ಉರುಳುವ ನಾಣ್ಯ

ಮೇಜಿನ ಮೇಲೆ ಎರಡು ಸ್ಕೇಲುಗಳನ್ನು ಸಮಾಂತರವಾಗಿಟ್ಟು, ನಡುವೆ ನಮ್ಮ ಹಳೆಯ ಇಪ್ಪತ್ತು ಪೈಸೆಯ ಬಿಲ್ಲೆಯನ್ನು ಸಿಕ್ಕಿಸಿ ತಿರುಗಿಸಿ ನೋಡಿ. ಆರು ಮೂಲೆಯ ಆ ಅಲ್ಯೂಮಿನಿಯಂ ಬಿಲ್ಲೆ ಒಮ್ಮೆ ಬಿಗಿಯಾಗುತ್ತದೆ, ಒಮ್ಮೆ ಸಡಿಲವಾಗುತ್ತದೆ. ಬ್ರಿಟನ್ನಿನ ಐವತ್ತು ಪೆನ್ಸ್ ನಾಣ್ಯಕ್ಕೆ ಮೂಲೆ ಇನ್ನೂ ಒಂದು ಹೆಚ್ಚು, ಏಳು. ಅದನ್ನು ಹೇಗೆ ತಿರುಗಿಸಿದರೂ ಸ್ಕೇಲುಗಳು ಕದಲುವುದಿಲ್ಲ. ಯಾವ ಕಡೆಯಿಂದ ಅಳೆದರೂ ಅಗಲ 27.3 ಮಿಲಿಮೀಟರ್.

ಗುಟ್ಟು ಅಂಚಿನಲ್ಲಿದೆ. ಏಳು ಬದಿಗಳೂ ತುಸು ಉಬ್ಬಿದ ಕಂಸಗಳು. ಒಂದು ಮೂಲೆಯಲ್ಲಿ ಕೈವಾರದ ಮುಳ್ಳೂರಿ, ಎದುರಿನ ಎರಡು ಮೂಲೆಗಳನ್ನು ಸೇರಿಸುವಂತೆ ಗೆರೆ ಎಳೆದರೆ ಒಂದು ಬದಿ ಸಿದ್ಧ. ಪ್ರತಿ ಮೂಲೆಗೂ ಎದುರಾಗಿ ಬದಿಯೇ ಬರಬೇಕು, ಹಾಗಾಗಿ ಮೂಲೆಗಳ ಸಂಖ್ಯೆ ಬೆಸವಾಗಲೇಬೇಕು. ಇಂಥ ಸಮ ಅಗಲದ ಆಕೃತಿ ಯಾವುದೇ ಇರಲಿ, ಅದರ ಸುತ್ತಳತೆ ಅಗಲದ ಪೈಯಷ್ಟು ಪಟ್ಟು ಎಂದು ಫ್ರಾನ್ಸಿನ ಗಣಿತಜ್ಞ ಬಾರ್ಬಿಯೆ 1860ರಲ್ಲೇ ತೋರಿಸಿದ್ದ. ಅಂದರೆ ಅಷ್ಟೇ ಅಗಲದ ದುಂಡು ನಾಣ್ಯದ ಸುತ್ತಳತೆಯೇ ಇದಕ್ಕೂ. ವಿಸ್ತೀರ್ಣ ಮಾತ್ರ ಕೊಂಚ ಕಡಿಮೆ. ಲೋಹವೂ ಅಷ್ಟು ಉಳಿತಾಯ.

ಇಷ್ಟೆಲ್ಲ ಕಸರತ್ತು ಯಾಕೆ ಬೇಕಿತ್ತು? ನಾವು ಆಣೆ ಬಿಟ್ಟು ನಯಾ ಪೈಸೆಗೆ ಬಂದದ್ದು 1957ರ ಏಪ್ರಿಲ್ 1ರಂದು. ನಮ್ಮನ್ನು ಆಳಿದವರು 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್ ಎಂಬ ಲೆಕ್ಕವನ್ನು ಕೈಬಿಟ್ಟದ್ದು 1971ರ ಫೆಬ್ರವರಿ 15ರಂದು. ಆ ಸಿದ್ಧತೆಯ ನಡುವೆ, 1969ರ ಅಕ್ಟೋಬರ್ 14ರಂದು, ಹತ್ತು ಶಿಲ್ಲಿಂಗಿನ ನೋಟಿನ ಜಾಗಕ್ಕೆ ಈ ಅರ್ಧ ಪೌಂಡಿನ ನಾಣ್ಯ ಬಂತು. ಜೇಬಿನಲ್ಲಿ ದುಂಡು ಬಿಲ್ಲೆಗಳು ಸಾಕಷ್ಟಿದ್ದವು. ಕಣ್ಣು ಕಾಣದವರ ಬೆರಳಿಗೂ ಇದು ಬೇರೆಯೆಂದು ತಿಳಿಯಬೇಕು, ಮೂಲೆ ಬೇಕು. ಕಾಸು ಹಾಕಿದರೆ ಸರಕು ಕೊಡುವ ಯಂತ್ರಕ್ಕೋ ಅಗಲ ಬದಲಾಗಕೂಡದು, ದುಂಡಗಿರಬೇಕು. ದಶಮಾಂಶ ನಾಣ್ಯ ಮಂಡಳಿಯಲ್ಲಿದ್ದ ಎಂಜಿನಿಯರ್ ಹ್ಯೂ ಕಾನ್ವೇ ಸೂಚಿಸಿದ್ದು ಈ ಏಳು ಮೂಲೆಯ ಆಕೃತಿಯನ್ನು.

ಜನ ಮೊದಲಿಗೆ ಗೊಣಗಿದರು. ಹತ್ತು ಪೆನ್ಸಿನ ನಾಣ್ಯವೆಂದುಕೊಂಡು ಇದನ್ನು ಕೊಟ್ಟು ಕೈಸುಟ್ಟುಕೊಂಡವರೂ ಇದ್ದರು. ನಾವು ಐವತ್ತು ಪೈಸೆಯನ್ನು ಎಂಟಾಣೆ ಎನ್ನುತ್ತಲೇ ಬಂದ ಹಾಗೆ, ಅಲ್ಲಿನ ಹಿರಿಯರು ಇದನ್ನು 'ಟೆನ್ ಬಾಬ್', ಅಂದರೆ ಹತ್ತು ಶಿಲ್ಲಿಂಗ್, ಎನ್ನುತ್ತಲೇ ಇದ್ದರು. 1997ರಲ್ಲಿ ನಾಣ್ಯ 30 ಮಿಲಿಮೀಟರಿನಿಂದ ಇಂದಿನ ಅಗಲಕ್ಕೆ ಕುಗ್ಗಿತು, 13.5 ಗ್ರಾಂ ತೂಕ 8ಕ್ಕೆ ಇಳಿಯಿತು. ಮುಖಬೆಲೆ ಹಾಗೇ ಉಳಿಯಿತು. 2009ರಲ್ಲಿ ಕ್ಯೂ ಉದ್ಯಾನದ ಚಿತ್ರ ಹೊತ್ತು ಚಲಾವಣೆಗೆ ಬಂದವು 2,10,000 ಮಾತ್ರ. ಅವಕ್ಕೆ ಸಂಗ್ರಾಹಕರು ಮುಖಬೆಲೆಯ ಎಷ್ಟೋ ಪಟ್ಟು ಕೊಡುತ್ತಾರೆ. ಲೋಹ ಇಳಿದಾಗ ಇಳಿಯದ ಬೆಲೆ, ಲೋಹ ಏರದೆಯೂ ಏರಿತು.

ರಾಜಿಯೆಂದರೆ ಇಬ್ಬರೂ ಅರ್ಧರ್ಧ ಬಿಟ್ಟುಕೊಡುವುದು ಎಂದು ನಾವು ನಂಬಿದ್ದೇವೆ. ಊರಿನ ಪಂಚಾಯ್ತಿಯಿಂದ ಮನೆಯ ಆಸ್ತಿ ಪಾಲಿನವರೆಗೆ ಅದೇ ರೂಢಿ. ಕೊನೆಗೆ ಇಬ್ಬರ ಮುಖವೂ ಸಪ್ಪಗೆ. ಆ ಲೆಕ್ಕದಲ್ಲಿ ಇಲ್ಲಿಯೂ ಮೂಲೆಗಳನ್ನು ಅರ್ಧ ಉಜ್ಜಿ, ಅಗಲವನ್ನು ಅರ್ಧ ಸರಿಮಾಡಿ ಕೈತೊಳೆದುಕೊಳ್ಳಬಹುದಿತ್ತು. ಆಗ ಬೆರಳಿಗೂ ತಿಳಿಯುತ್ತಿರಲಿಲ್ಲ, ಯಂತ್ರವೂ ನುಂಗುತ್ತಿರಲಿಲ್ಲ. ಅರ್ಧ ಪೌಂಡಿನ ನಾಣ್ಯ ಬೆರಳು ಕೇಳಿದ್ದನ್ನು ಬೆರಳಿಗೆ, ಯಂತ್ರ ಕೇಳಿದ್ದನ್ನು ಯಂತ್ರಕ್ಕೆ, ಹದಿನಾರಾಣೆಯೂ ಕೊಟ್ಟಿದೆ.