ಮನೆಯಲ್ಲಿ ಆರೈಕೆ ಮಾಡುವ ಕೈಗೂ ರಕ್ಷಣೆ ಬೇಕು: ಆರು ಆಕ್ಷೇಪಗಳಿಗೆ ಉತ್ತರ

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಕೇರ್‌ಟೇಕರ್ ಇಟ್ಟುಕೊಂಡ ಪ್ರತಿ ಮನೆಯೂ ನಾಲ್ಕು ವಸ್ತು ಒದಗಿಸಬೇಕು: ನಲ್ಲಿಯ ಪಕ್ಕದಲ್ಲಿ ಸೋಪು, ಕೈ ಒರೆಸಲು ಅವರಿಗೇ ಒಂದು ಒಣ ಟವೆಲ್, ಒಮ್ಮೆ ಬಳಸಿ ಬಿಸಾಡುವ ಗ್ಲೌಸ್, ಸೂಜಿ ಹಾಕಲು ಒಂದು ಗಟ್ಟಿ ಡಬ್ಬಿ. ಅವರನ್ನು ಕಳಿಸುವ ಏಜೆನ್ಸಿ ಮೂರು ಜವಾಬ್ದಾರಿ ಹೊರಬೇಕು: ತರಬೇತಿ, ಹೆಪಟೈಟಿಸ್ ಬಿ ಲಸಿಕೆ, ಕಾಯಿಲೆ ಬಿದ್ದ ದಿನ ಸಂಬಳ ಮುರಿಯದ ರಜೆ. ಕೇರ್‌ಟೇಕರ್‌ಗಳಿಗೆ ತರಬೇತಿ ಕೊಡುವ ನರ್ಸ್ ನಾನು. ಈ ಮಾತು ಎತ್ತಿದಾಗಲೆಲ್ಲ ಮನೆಯವರಿಂದಲೂ ಏಜೆನ್ಸಿಯವರಿಂದಲೂ ಹೆಚ್ಚುಕಡಿಮೆ ಇವೇ ಆಕ್ಷೇಪಗಳು ಬರುತ್ತವೆ. ಕೆಲವಕ್ಕೆ ಪ್ರೀತಿ ಕಾರಣ, ಕೆಲವಕ್ಕೆ ದುಡ್ಡು, ಕೆಲವಕ್ಕೆ ತಪ್ಪು ತಿಳಿವಳಿಕೆ. ಒಂದೊಂದಾಗಿ ಉತ್ತರಿಸುತ್ತೇನೆ.

1. "ಇದು ಮನೆ, ಆಸ್ಪತ್ರೆಯಲ್ಲ."

ಹಿಂದೆ ವಾರ್ಡಿನಲ್ಲಿ ನಡೆಯುತ್ತಿದ್ದ ಎಷ್ಟೋ ಕೆಲಸ ಈಗ ಮಲಗುವ ಕೋಣೆಗೆ ಬಂದಿದೆ. ಪಾರ್ಶ್ವವಾಯು ಆದವರು ಮೂಗಿನಲ್ಲಿ ರೈಲ್ಸ್ ಟ್ಯೂಬ್, ಯೂರಿನ್ ಕ್ಯಾಥೆಟರ್ ಇಟ್ಟುಕೊಂಡೇ ಡಿಸ್‌ಚಾರ್ಜ್ ಆಗುತ್ತಾರೆ. ಬೆಡ್‌ಸೋರ್‌ಗೆ ಡ್ರೆಸ್ಸಿಂಗ್, ಗಂಟಲಿನ ಟ್ಯೂಬಿಗೆ ಸಕ್ಷನ್, ದಿನಾ ಇನ್ಸುಲಿನ್, ಇನ್ನು ಕೆಲವರಿಗೆ ಹೊಟ್ಟೆಯ ಮೂಲಕ ಡಯಾಲಿಸಿಸ್, ಎಲ್ಲವೂ ಮನೆಯಲ್ಲೇ. ದೇಹದೊಳಗೆ ಹೋಗಿರುವ ಪ್ರತಿ ಕೊಳವೆಯೂ ರೋಗಾಣುವಿಗೆ ತೆರೆದ ಬಾಗಿಲು. ಐಸಿಯುನಿಂದ ಬಂದವರ ಜೊತೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವೂ ಮನೆಗೆ ಬಂದಿರಬಹುದು.

ಆರೈಕೆಯ ಶುಚಿತ್ವ ಆಸ್ಪತ್ರೆಯವರು ಕಂಡುಹಿಡಿದ ಹೊಸ ಶಾಸ್ತ್ರವೂ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರ ಕೊನೆಯಲ್ಲಿ 'ನೋಟ್ಸ್ ಆನ್ ನರ್ಸಿಂಗ್' ಪ್ರಕಟಿಸಿದ್ದು ಮುಖ್ಯವಾಗಿ ತಮ್ಮವರನ್ನು ಮನೆಯಲ್ಲೇ ನೋಡಿಕೊಳ್ಳುವ ಹೆಂಗಸರಿಗಾಗಿ. ದಿನದಲ್ಲಿ ಮತ್ತೆ ಮತ್ತೆ ಕೈ ತೊಳೆಯಬೇಕೆಂಬ ಸಲಹೆ ಅದರಲ್ಲೇ ಇದೆ.

ಈ ಆಕ್ಷೇಪದಲ್ಲಿ ಒಂದು ಅಂಶ ನಿಜ. ಮನೆಗೆ ಆಸ್ಪತ್ರೆಯ ಎಲ್ಲ ಏರ್ಪಾಟೂ ಬೇಕಿಲ್ಲ. ದಿನವಿಡೀ ಗೌನು ಬೇಡ, ತಲೆ ಬಾಚುವಾಗ, ಊಟ ಕೊಡುವಾಗ, ಕೈ ಹಿಡಿದು ನಡೆಸುವಾಗ ಗ್ಲೌಸ್ ಬೇಡ. ರಕ್ತ, ಮಲ, ಮೂತ್ರ, ಕಫ, ಗಾಯ ಇವು ಇರುವ ಕೆಲಸಕ್ಕೆ ಮಾತ್ರ ಬೇಕು. ನಾನು ಕೇಳುತ್ತಿರುವುದು ಅಷ್ಟನ್ನೇ.

2. "ನಮ್ಮ ಅಮ್ಮನಿಗೆ ಯಾವ ಅಂಟುರೋಗವೂ ಇಲ್ಲ."

ಇಲ್ಲ ಎಂದು ಹೇಗೆ ಗೊತ್ತು? ಹೆಪಟೈಟಿಸ್ ಬಿ, ಸಿ ಇದ್ದವರಲ್ಲಿ ಎಷ್ಟೋ ಜನರಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣುವುದಿಲ್ಲ, ಪರೀಕ್ಷೆ ಮಾಡಿಸದೆ ಗೊತ್ತೂ ಆಗುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಜೀವ ಹಿಡಿದಿರುತ್ತದೆ. ಆ ರಕ್ತವಿದ್ದ ಸೂಜಿ ಚುಚ್ಚಿದರೆ, ಲಸಿಕೆ ಪಡೆಯದವರಿಗೆ ಸೋಂಕು ತಗಲುವ ಸಾಧ್ಯತೆ ಶೇ. 30ರವರೆಗೂ ಇದೆ. ಎಚ್‌ಐವಿಯ ವಿಷಯದಲ್ಲಿ ಅದು ಸುಮಾರು ಶೇ. 0.3. ಜನ ಹೆದರುವುದು ಎಚ್‌ಐವಿಗೆ, ನಿಜವಾಗಿ ಹೆಚ್ಚು ಅಪಾಯ ಇರುವುದು ಹೆಪಟೈಟಿಸ್ ಬಿಯಿಂದ.

2018ರಲ್ಲಿ ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ಒಬ್ಬ ಜ್ವರದ ರೋಗಿಯನ್ನು ನೋಡಿಕೊಂಡರು. ಆಗ ಅದು ನಿಫಾ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಲಿನಿಗೂ ಸೋಂಕು ತಗಲಿತ್ತು, ಅವರು ಉಳಿಯಲಿಲ್ಲ. ರೋಗದ ಹೆಸರು ತಿಳಿದ ಮೇಲೆ ಎಚ್ಚರ ವಹಿಸುತ್ತೇವೆ ಅನ್ನುವುದು ತಡವಾದ ಎಚ್ಚರ. ಅದಕ್ಕೇ 1980ರ ದಶಕದಲ್ಲಿ ಎಚ್‌ಐವಿ ಕಾಣಿಸಿಕೊಂಡ ಮೇಲೆ ಎಲ್ಲರ ರಕ್ತದಲ್ಲೂ ಸೋಂಕು ಇರಬಹುದೆಂದು ಭಾವಿಸಿಯೇ ಕೆಲಸ ಮಾಡಬೇಕೆಂಬ ನಿಯಮ ಬಂತು.

3. "ಗ್ಲೌಸ್ ಹಾಕಿಕೊಂಡು ಮುಟ್ಟಿದರೆ ಅಪ್ಪನಿಗೆ ಅವಮಾನ ಆಗುತ್ತೆ."

ಈ ಮಾತಿನ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಮುಟ್ಟುವುದು, ಮುಟ್ಟದಿರುವುದು ನಮ್ಮ ಸಮಾಜದಲ್ಲಿ ಹಳೆಯ ಗಾಯ. ಮಡಿ ಮೈಲಿಗೆಯ ಲೆಕ್ಕ ಮನುಷ್ಯನ ಹುಟ್ಟನ್ನು ನೋಡುತ್ತದೆ: ಯಾರನ್ನು ಮುಟ್ಟಬಹುದು, ಯಾರನ್ನು ಮುಟ್ಟಬಾರದು. ಸೋಂಕು ತಡೆಯ ನಿಯಮ ಕೆಲಸವನ್ನು ಮಾತ್ರ ನೋಡುತ್ತದೆ. ಡಯಾಪರ್ ಬದಲಿಸುವಾಗ ಯಜಮಾನರಿಗೂ ಅದೇ ನಿಯಮ, ಆಳಿಗೂ ಅದೇ ನಿಯಮ. ಎಚ್‌ಐವಿ ಇದ್ದವರಿಗೆ ಮಾತ್ರ ಗ್ಲೌಸ್ ಹಾಕಿದರೆ ಅದು ಅವಮಾನ. ಎಲ್ಲರಿಗೂ ಹಾಕಿದಾಗ ಯಾರ ಕಡೆಯೂ ಬೆರಳು ತೋರಿಸಿದಂತಾಗುವುದಿಲ್ಲ.

ಇನ್ನೊಂದನ್ನೂ ಹೇಳಲೇಬೇಕು. ಗ್ಲೌಸ್ ಬೇಡ ಎಂದ ಎಷ್ಟೋ ಮನೆಗಳಲ್ಲಿ ಕೇರ್‌ಟೇಕರ್‌ಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿರುವುದನ್ನು, ಮನೆಯವರ ಬಚ್ಚಲು ಬಳಸಬಾರದೆಂದು ಹೇಳಿರುವುದನ್ನು ನಾನು ನೋಡಿದ್ದೇನೆ. ಸೋಪು ಹಾಕಿ ತೊಳೆದ ಲೋಟದಿಂದ ಯಾವ ರೋಗವೂ ಹರಡುವುದಿಲ್ಲ. ಕೈ ತೊಳೆಯಲು ನಲ್ಲಿ ಸಿಗದೆ ಹೋದರೆ ಖಂಡಿತ ಹರಡುತ್ತದೆ. ಅವಮಾನದ ಬಗ್ಗೆ ನಿಜವಾದ ಕಾಳಜಿ ಇರುವವರು ಆ ಲೋಟವನ್ನು ತೆಗೆದುಹಾಕಲಿ.

4. "ಗ್ಲೌಸ್ ಕೊಟ್ಟಿದ್ದೇವಲ್ಲ, ಇನ್ನೇನು?"

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದೇ. ಒಂದು ಮನೆಯಲ್ಲಿ ಕಂಡದ್ದು: ಕೇರ್‌ಟೇಕರ್ ಗ್ಲೌಸ್ ಹಾಕಿಕೊಂಡು ಡಯಾಪರ್ ತೆಗೆದರು, ಒರೆಸಿದರು, ಹೊಸದು ಹಾಕಿದರು. ಅದೇ ಗ್ಲೌಸಿನಲ್ಲಿ ಹೊದಿಕೆ ಎಳೆದರು, ಫ್ಯಾನಿನ ಸ್ವಿಚ್ ಹಾಕಿದರು, ಬಾಗಿಲ ಚಿಲಕ ತೆಗೆದರು, ಫೋನ್ ಬಂತೆಂದು ಎತ್ತಿಕೊಂಡರು. ಕೊನೆಗೆ ರೈಲ್ಸ್ ಟ್ಯೂಬಿನ ಮುಚ್ಚಳಕ್ಕೆ ಕೈ ಹಾಕಿದರು. ಅವರ ಕೈ ಸುರಕ್ಷಿತವಾಗಿತ್ತು, ಕೋಣೆ ಹಾಗಿರಲಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹಾಗಾಗಿ ಇದು ಅವರ ತಪ್ಪಲ್ಲ.

ಗ್ಲೌಸ್ ಒಂದು ಕೆಲಸಕ್ಕೆ ಒಂದು ಜೊತೆ. ಕೊಳಕು ಕೆಲಸ ಮುಗಿದ ತಕ್ಷಣ ಒಳಮೈ ಹೊರಗೆ ಬರುವಂತೆ ಕಳಚಿ, ಬಿಸಾಡಿ, ಕೈ ತೊಳೆಯಬೇಕು. ಕಣ್ಣಿಗೆ ಕಾಣದ ತೂತು ಗ್ಲೌಸಿನಲ್ಲಿ ಇರಬಹುದು, ಕಳಚುವಾಗಲೂ ಕೈಗೆ ಅಂಟಬಹುದು. ಒಡಕು ಗಾಜಿನ ಬಳೆ, ಉದ್ದ ಉಗುರು ಅದನ್ನು ಸುಲಭವಾಗಿ ಹರಿಯುತ್ತವೆ.

ಕೈ ತೊಳೆಯುವುದಕ್ಕೂ ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಪ್ರಕಾರ ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡು, ಆಲ್ಕೋಹಾಲ್ ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಕೈ ಒಣಗುವವರೆಗೆ ಉಜ್ಜಬೇಕು. ಕೈಗೆ ಕೊಳೆ ಕಾಣುತ್ತಿದ್ದರೆ, ರೋಗಿಗೆ ಭೇದಿ ಇದ್ದರೆ ಸ್ಯಾನಿಟೈಸರ್ ಸಾಲದು, ಸೋಪೇ ಬೇಕು. ರೋಗಿಯನ್ನು ಮುಟ್ಟುವ ಮೊದಲು, ಟ್ಯೂಬು ಅಥವಾ ಗಾಯಕ್ಕೆ ಕೈ ಹಾಕುವ ಮೊದಲು, ಮಲಮೂತ್ರ ಮುಟ್ಟಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಮಂಚ ಮೇಜು ಮುಟ್ಟಿದ ಮೇಲೆ: ಈ ಐದು ಹೊತ್ತು ನೆನಪಿಟ್ಟರೆ ಸಾಕು. ಯೂರಿನ್ ಬ್ಯಾಗ್ ಸದಾ ಸೊಂಟಕ್ಕಿಂತ ಕೆಳಗೆ ತೂಗಬೇಕು, ನೆಲಕ್ಕೆ ತಾಗಬಾರದು. ರೋಗಿಯನ್ನು ಹೊರಳಿಸುವಾಗ ಬ್ಯಾಗನ್ನು ಹಾಸಿಗೆಯ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿಯುತ್ತದೆ. ಇಂಥದ್ದನ್ನೆಲ್ಲ ಕಲಿಸಿಯೇ ಕಳಿಸಬೇಕು.

5. "ರೋಗ ತರುವವರು ಅವರೇ. ಮೊದಲು ಅವರಿಗೆ ಪರೀಕ್ಷೆ ಮಾಡಿಸಿ."

ಸೋಂಕು ಎರಡೂ ದಿಕ್ಕಿನಲ್ಲಿ ಹೋಗುತ್ತದೆ, ಒಪ್ಪುತ್ತೇನೆ. ಒಂದು ಮನೆಯ ಕಜ್ಜಿ ಇನ್ನೊಂದು ಮನೆಗೆ ಹೋಗುವುದುಂಟು. ಮೊದಲ ಸಲ ತಗಲಿದಾಗ ತುರಿಕೆ ಕಾಣಿಸಿಕೊಳ್ಳಲು 4ರಿಂದ 6 ವಾರ ಬೇಕು, ಅಷ್ಟರಲ್ಲಿ ಕೇರ್‌ಟೇಕರ್ ಎರಡು ಮನೆ ಬದಲಿಸಿರಬಹುದು. ಆದರೆ ಅವರಿಗೆ ತಗಲಿದ್ದು ಎಲ್ಲಿಂದ? ಬಹಳ ಸಲ ಆರೈಕೆ ಮಾಡುತ್ತಿದ್ದ ಮನೆಯಿಂದಲೇ.

ಕೆಲಸಕ್ಕೆ ಸೇರುವಾಗ ಮಾಡಿಸಿದ ಪರೀಕ್ಷೆ ಆ ದಿನದ ಸ್ಥಿತಿಯನ್ನು ಮಾತ್ರ ಹೇಳುತ್ತದೆ, ಮುಂದಿನ ವಾರ ಬರುವ ಜ್ವರವನ್ನಲ್ಲ. ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಯ ಫಲಿತಾಂಶ ನೋಡಿ ಕೆಲಸ ನಿರಾಕರಿಸುವುದು ಅನ್ಯಾಯ, ಊಟ ಕೊಡುವುದರಿಂದ, ಸ್ನಾನ ಮಾಡಿಸುವುದರಿಂದ ಅವು ಹರಡುವುದಿಲ್ಲ. ರೋಗಿಯನ್ನು ನಿಜವಾಗಿ ಕಾಪಾಡುವುದು ಬೇರೆ: ಎರಡು ವಾರ ಮೀರಿದ ಕೆಮ್ಮಿಗೆ ಕೂಡಲೇ ಕ್ಷಯದ ಪರೀಕ್ಷೆ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ಮತ್ತು ರಜೆ. ಒಂದು ದಿನ ಬಾರದಿದ್ದರೆ ಒಂದು ದಿನದ ಕೂಲಿ ಹೋಗುತ್ತದೆ ಅನ್ನುವ ಹೆಂಗಸು ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಬಂದೇ ಬರುತ್ತಾಳೆ. ಎಂಬತ್ತು ದಾಟಿದ ನಿಮ್ಮ ತಂದೆಯ ಹಾಸಿಗೆಯ ಪಕ್ಕದಲ್ಲೇ ಕೂರುತ್ತಾಳೆ. ಅವಳ ರಜೆಯ ಸಂಬಳ ನಿಮ್ಮ ತಂದೆಯ ಶ್ವಾಸಕೋಶಕ್ಕೆ ಕೊಟ್ಟ ಕಾವಲು.

6. "ಇಷ್ಟೆಲ್ಲ ಖರ್ಚು ಯಾರು ಕೊಡುತ್ತಾರೆ?"

ಈಗಲೂ ಯಾರೋ ಕೊಡುತ್ತಲೇ ಇದ್ದಾರೆ, ಕೊಡುತ್ತಿರುವವರು ಕೇರ್‌ಟೇಕರ್‌ಗಳು. ಸೂಜಿ ಚುಚ್ಚಿಸಿಕೊಂಡು ಸುಮ್ಮನಾಗುವವರು ಅವರು, ಹೇಳಿದರೆ ಕೆಲಸ ಹೋದೀತೆಂದು ಹೆದರುವವರೂ ಅವರೇ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ, ಸಾಧ್ಯವಾದರೆ ಮೊದಲ ಎರಡು ಗಂಟೆಯಲ್ಲೇ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಹೆದರಿ ಮುಚ್ಚಿಟ್ಟವರಿಗೆ ಆ ಅವಕಾಶವೇ ತಪ್ಪುತ್ತದೆ.

ಅಮೆರಿಕದಲ್ಲಿ 1991ರ ನಿಯಮವೊಂದು, ಕೆಲಸದಲ್ಲಿ ರಕ್ತದ ಸಂಪರ್ಕಕ್ಕೆ ಬರುವವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಮಾಲೀಕರೇ ಉಚಿತವಾಗಿ ಕೊಡಬೇಕೆಂದು ಕಡ್ಡಾಯ ಮಾಡಿತು. 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೆಲಸದ ಜಾಗದ ಜೈವಿಕ ಅಪಾಯಗಳ ಕುರಿತೇ ಒಂದು ಒಪ್ಪಂದವನ್ನು ಅಂಗೀಕರಿಸಿತು. ಲಸಿಕೆ ಆರು ತಿಂಗಳಲ್ಲಿ ಮೂರು ಡೋಸ್, ಅಷ್ಟೇ. ತಿಂಗಳು ತಿಂಗಳು ಕಮಿಷನ್ ಪಡೆಯುವ ಏಜೆನ್ಸಿಗೆ ಇದು ಭಾರವಲ್ಲ.

ಮನೆಯವರ ಖರ್ಚೂ ದೊಡ್ಡದಲ್ಲ. ದಪ್ಪ ಪ್ಲಾಸ್ಟಿಕ್ಕಿನ ಖಾಲಿ ಡಿಟರ್ಜೆಂಟ್ ಬಾಟಲಿಯೇ ಸೂಜಿ ಡಬ್ಬಿಯಾಗುತ್ತದೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ ನೇರ ಅದರೊಳಗೆ ಹಾಕಿ, ತುಂಬುವ ಮೊದಲೇ ಮುಚ್ಚಿ, ಹತ್ತಿರದ ಆಸ್ಪತ್ರೆಯವರನ್ನು ವಿಚಾರಿಸಿ ಒಪ್ಪಿಸಿ. 2016ರ ಘನತ್ಯಾಜ್ಯ ನಿಯಮಗಳು ಮನೆಯ ಸೂಜಿ ಸಿರಿಂಜುಗಳನ್ನು ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದ್ದು ಸುಮ್ಮನೆ ಅಲ್ಲ, ಒಣ ಕಸದಲ್ಲಿ ಎಸೆದ ಸೂಜಿ ಚುಚ್ಚುವುದು ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ.

ಗ್ಲೂಕೋಮೀಟರಿನ ಚುಚ್ಚುವ ಪೆನ್ನಿನ ವಿಷಯದಲ್ಲೂ ಉಳಿತಾಯ ಬೇಡ. 2010ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಒಂದು ವೃದ್ಧರ ವಸತಿಯಲ್ಲಿ ಸಕ್ಕರೆ ಪರೀಕ್ಷೆಯ ಸಾಧನಗಳನ್ನು ಹಂಚಿಕೊಂಡದ್ದರಿಂದ ಎಂಟು ಜನರಿಗೆ ಹೆಪಟೈಟಿಸ್ ಬಿ ತಗಲಿ ಆರು ಜನ ತೀರಿಕೊಂಡರು. ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರಿಗೂ ಸಕ್ಕರೆ ಕಾಯಿಲೆಯಿದ್ದರೆ ಇಬ್ಬರಿಗೂ ಬೇರೆ ಬೇರೆ ಪೆನ್ನು ಇರಲಿ.

ಕೇರ್‌ಟೇಕರ್ ಬೇಕೆಂದು ಏಜೆನ್ಸಿಗೆ ಫೋನ್ ಮಾಡುವವರು ಮೊದಲು ಕೇಳುವುದು ತಿಂಗಳಿಗೆ ಎಷ್ಟು ಎಂದು. ಅದರ ಜೊತೆ ಮೂರು ಪ್ರಶ್ನೆ ಕೇಳಿ: ಇವರಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ? ಕೈ ತೊಳೆಯುವುದು, ಟ್ಯೂಬು ನೋಡಿಕೊಳ್ಳುವುದನ್ನು ಯಾರು ಕಲಿಸಿದರು? ಇವರು ಕಾಯಿಲೆ ಬಿದ್ದರೆ ಸಂಬಳ ಮುರಿಯದೆ ಬದಲಿಯವರನ್ನು ಕಳಿಸುತ್ತೀರಾ? ಉತ್ತರ ಸಿಗದಿದ್ದರೆ ಬೇರೆ ಏಜೆನ್ಸಿ ನೋಡಿ. ದುಡ್ಡು ಕೊಡುವವರು ಕೇಳತೊಡಗಿದ ದಿನ ಏಜೆನ್ಸಿಗಳು ಕಲಿಸತೊಡಗುತ್ತವೆ. ಕಾನೂನು ಬರುವವರೆಗೆ ಕಾಯದೆ ಇದನ್ನು ಬದಲಿಸುವ ಶಕ್ತಿ ಕುಟುಂಬಗಳ ಕೈಯಲ್ಲೇ ಇದೆ.